ಪರದೆ ಬಿದ್ದ ಮೇಲೆ ಶುರುವಾಗುವ ಇತಿಹಾಸ

ಶಿಕಾಗೊದ ಕನ್ನಡ ಕೂಟದ ಹೆಸರು ವಿದ್ಯಾರಣ್ಯ. ಡೆಟ್ರಾಯಿಟ್ ಕಡೆಯ ಕೂಟದ ಹೆಸರು ಪಂಪ. ಒಬ್ಬರು ಹದಿನಾಲ್ಕನೇ ಶತಮಾನದ ಶೃಂಗೇರಿಯ ಯತಿ. ಇನ್ನೊಬ್ಬರು ಹತ್ತನೇ ಶತಮಾನದಲ್ಲಿ ಅರಿಕೇಸರಿಯ ಆಸ್ಥಾನದಲ್ಲಿದ್ದು ‘ವಿಕ್ರಮಾರ್ಜುನ ವಿಜಯ’ ಬರೆದ ಕವಿ. ಯುಗಾದಿ, ಗಣೇಶನ ಹಬ್ಬ, ರಾಜ್ಯೋತ್ಸವ ಅಂತ ಈ ಎರಡು ಹೆಸರಿನ ಬ್ಯಾನರ್ ಕೆಳಗೆ ಕೂತು ಊಟ ಮಾಡಿದವರು ನಮ್ಮಲ್ಲಿ ಬಹಳ ಜನ ಇದ್ದಾರೆ. ಆದರೆ ‘ವಿಜಯನಗರ ಸ್ಥಾಪನೆಯಲ್ಲಿ ವಿದ್ಯಾರಣ್ಯರ ಪಾತ್ರ ನಿಜಕ್ಕೂ ಎಷ್ಟು? ಆ ಕಥೆ ಆಗಲೇ ಇತ್ತಾ, ಆಮೇಲೆ ಬೆಳೆದದ್ದಾ?’ ಅಂತ ಪಕ್ಕದಲ್ಲಿ ಕೂತವರು ಕೇಳಿದರೆ ಏನು ಹೇಳುತ್ತೇವೆ? ಇತಿಹಾಸಕಾರರು ಈ ಪ್ರಶ್ನೆಯನ್ನು ದಶಕಗಳಿಂದ ಚರ್ಚಿಸುತ್ತಿದ್ದಾರೆ. ನಮಗೆ ಅಂಥದ್ದೊಂದು ಚರ್ಚೆ ಇದೆ ಎನ್ನುವುದೇ ಗೊತ್ತಿರುವುದಿಲ್ಲ.

ಇದರಲ್ಲಿ ಆಶ್ಚರ್ಯವೇನೂ ಇಲ್ಲ ಬಿಡಿ. ಊರಿಂದ ಬಂದವರಲ್ಲಿ ಹೆಚ್ಚಿನವರು ಇತಿಹಾಸದ ಪುಸ್ತಕವನ್ನು ಎಸ್ಸೆಸ್ಸೆಲ್ಸಿ ಪರೀಕ್ಷೆಯ ದಿನವೇ ಮುಚ್ಚಿಟ್ಟವರು. ಇಲ್ಲೇ ಹುಟ್ಟಿ ಬೆಳೆದ ಗೆಳೆಯರಿಗೆ ಶಾಲೆಯಲ್ಲಿ ಕರ್ನಾಟಕದ ಇತಿಹಾಸ ಸಿಗುವ ಅವಕಾಶವೇ ಇಲ್ಲ. ಹಾಗಾದರೆ ನಮಗೆ ಗೊತ್ತಿರುವ ಅಷ್ಟಿಷ್ಟು ಇತಿಹಾಸ ಎಲ್ಲಿಂದ ಬಂತು? ರಾಜ್‌ಕುಮಾರ್ ಸಿನಿಮಾದಿಂದ, ಶಾಲೆಯ ಛದ್ಮವೇಷ ಸ್ಪರ್ಧೆಯಿಂದ, ಯಾವಾಗಲೋ ನೋಡಿದ ನಾಟಕದಿಂದ. ಇತ್ತೀಚೆಗೆ, ಫ್ಯಾಮಿಲಿ ಗ್ರೂಪಿಗೆ ಬರುವ ವಾಟ್ಸಾಪ್ ಫಾರ್ವರ್ಡ್‌ಗಳಿಂದ.

ಸಿನಿಮಾ ಮತ್ತು ನಾಟಕ ಇತಿಹಾಸದ ಆಸಕ್ತಿಯನ್ನು ಮತ್ತೆ ಹುಟ್ಟಿಸಬಲ್ಲವಾ ಎಂಬುದು ಈ ಲೇಖನದ ಪ್ರಶ್ನೆ. ಖಂಡಿತ ಹುಟ್ಟಿಸಬಲ್ಲವು ಎಂಬುದು ನಮ್ಮ ಉತ್ತರ. ಆದರೆ ಆ ಆಸಕ್ತಿ ಉಳಿಯುವುದು, ಬೆಳೆಯುವುದು, ಅಥವಾ ಕೆಟ್ಟು ಜಗಳವಾಗುವುದು ಪರದೆ ಬಿದ್ದ ಮೇಲೆ ಏನು ನಡೆಯುತ್ತದೆ ಎಂಬುದರ ಮೇಲೆ ನಿಂತಿದೆ.

ಪಠ್ಯಪುಸ್ತಕ ಮಾಡಲಾಗದ ಮೂರು ಕೆಲಸ

ಮೊದಲು, ರಂಗ ಮತ್ತು ಪರದೆ ಏನು ಮಾಡುತ್ತವೆ ಅಂತ ನೋಡೋಣ.

ಒಂದು, ಇಸವಿಗೆ ಮುಖ ಕೊಡುತ್ತವೆ. 1824 ಅನ್ನುವುದು ಬರೀ ನಾಲ್ಕು ಅಂಕಿ. ಅದೇ ಇಸವಿಯಲ್ಲಿ ಒಬ್ಬ ರಾಣಿ ಎದುರಿಗೆ ನಿಂತು ಮಾತಾಡಿದರೆ ಅದು ಮರೆಯುವುದಿಲ್ಲ.

ಎರಡು, ಮುಗಿದ ಸಂಗತಿಯನ್ನು ಇನ್ನೂ ಮುಗಿಯದ ಹಾಗೆ ತೋರಿಸುತ್ತವೆ. ಪಾಠದಲ್ಲಿ ‘ಯುದ್ಧದಲ್ಲಿ ಸೋತರು’ ಅಂತ ಓದುತ್ತೇವೆ, ಅಷ್ಟೆ. ನಾಟಕದಲ್ಲಿ ಯುದ್ಧದ ಹಿಂದಿನ ರಾತ್ರಿ ಇರುತ್ತದೆ. ಗೆಲ್ಲುತ್ತೇವೋ ಸೋಲುತ್ತೇವೋ ಅಲ್ಲಿ ಯಾರಿಗೂ ಗೊತ್ತಿಲ್ಲ. ಬೇರೆ ದಾರಿ ಇತ್ತಾ ಎಂಬ ಯೋಚನೆ ನಮ್ಮ ತಲೆಯಲ್ಲೂ ಓಡುತ್ತದೆ. ಇತಿಹಾಸದ ಆಸಕ್ತಿ ಅನ್ನುವುದು ನಿಜವಾಗಿ ಶುರುವಾಗುವುದೇ ಇಲ್ಲಿ.

ಮೂರು, ಜನರನ್ನು ಒಟ್ಟಿಗೆ ಕೂರಿಸುತ್ತವೆ. ಪುಸ್ತಕ ಒಬ್ಬರೇ ಓದುವಂಥದ್ದು. ನಾಟಕಕ್ಕೆ ಬಂದ ನೂರು ಜನ ಒಂದೇ ಪ್ರಶ್ನೆ ಹೊತ್ತುಕೊಂಡು ಪಾರ್ಕಿಂಗ್ ಲಾಟ್‌ವರೆಗೂ ಅದನ್ನೇ ಮಾತಾಡಿಕೊಂಡು ಹೋಗುತ್ತಾರೆ. ಈ ಮಾತು ಎಲ್ಲಿಗೆ ಮುಟ್ಟುತ್ತದೆ ಎನ್ನುವುದನ್ನು ನಮ್ಮದೇ ಮೂರು ಉದಾಹರಣೆಗಳಲ್ಲಿ ನೋಡಬಹುದು.

ಚೆನ್ನಮ್ಮನ ಮಾತು ಯಾರ ಮಾತು?

ನಮ್ಮ ಯಾವುದೇ ಮಕ್ಕಳ ಕಾರ್ಯಕ್ರಮದಲ್ಲಿ ಒಂದು ಪುಟ್ಟ ಕಿತ್ತೂರು ಚೆನ್ನಮ್ಮ ಇದ್ದೇ ಇರುತ್ತಾಳೆ. ಸೊಂಟಕ್ಕೆ ಸೆರಗು ಬಿಗಿದು, ರಟ್ಟಿನ ಕತ್ತಿ ಹಿಡಿದು, ನಿಮಗೆ ಕಪ್ಪ ಯಾಕೆ ಕೊಡಬೇಕು ಅಂತ ಥ್ಯಾಕರೆಗೆ ಸವಾಲು ಹಾಕುತ್ತಾಳೆ. ಆ ಸಂಭಾಷಣೆಗೆ ಈ ಖ್ಯಾತಿ ಬಂದದ್ದು ಬಿ.ಆರ್. ಪಂತುಲು ನಿರ್ದೇಶಿಸಿ ಬಿ. ಸರೋಜಾದೇವಿ ನಟಿಸಿದ 1961ರ ‘ಕಿತ್ತೂರು ಚೆನ್ನಮ್ಮ’ ಚಿತ್ರದಿಂದ. ಅರವತ್ತು ವರ್ಷ ದಾಟಿದರೂ, ಸಾವಿರಾರು ಮೈಲಿ ದೂರದಲ್ಲಿ, ಕನ್ನಡ ಓದಲು ಬಾರದ ಮಗುವಿನ ಬಾಯಲ್ಲೂ ಆ ಮಾತು ಇದೆ ಅಂದರೆ ಸಿನಿಮಾದ ಶಕ್ತಿ ಎಷ್ಟು ಅಂತ ಬೇರೆ ಹೇಳಬೇಕಾಗಿಲ್ಲ.

ಆದರೆ ಅದಕ್ಕೆ ಎರಡು ವರ್ಷ ಮೊದಲು, 1959ರಲ್ಲಿ, ಇದೇ ಪಂತುಲು ತಮಿಳಿನಲ್ಲಿ ಶಿವಾಜಿ ಗಣೇಶನ್ ಅವರನ್ನು ಹಾಕಿಕೊಂಡು ‘ವೀರಪಾಂಡ್ಯ ಕಟ್ಟಬೊಮ್ಮನ್’ ಮಾಡಿದ್ದರು. ಅಲ್ಲೂ ಕಂದಾಯ ಕೇಳಲು ಬಂದ ಕಂಪನಿಯ ಅಧಿಕಾರಿಗೆ ನಾಯಕ ಕೊಡುವ ಉತ್ತರ ತಮಿಳುನಾಡಿನಲ್ಲಿ ಮನೆಮಾತು. ಎರಡನ್ನೂ ಯೂಟ್ಯೂಬಿನಲ್ಲಿ ಪಕ್ಕಪಕ್ಕ ಇಟ್ಟು ಕೇಳಿ: ಮಾತಿನ ವರಸೆ, ಏರಿಳಿತ, ಕೇಳುವ ಪ್ರಶ್ನೆಗಳು ಅಕ್ಕತಂಗಿಯರ ಹಾಗಿವೆ. ಅಂದರೆ ನಾವು ‘ಚೆನ್ನಮ್ಮ ಹೇಳಿದ್ದು’ ಅಂದುಕೊಂಡಿರುವುದು ಚಿತ್ರಕಥೆಯ ಮಾತು. ರಾಣಿಯ ಧೈರ್ಯಕ್ಕೆ ಇದರಿಂದ ಏನೂ ಕಮ್ಮಿಯಾಗುವುದಿಲ್ಲ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಮುಂದೆ ಥ್ಯಾಕರೆ ಸತ್ತದ್ದು, ಡಿಸೆಂಬರಿನಲ್ಲಿ ಕಂಪನಿ ದೊಡ್ಡ ಸೈನ್ಯ ತಂದು ಕೋಟೆ ಹಿಡಿದದ್ದು, ಚೆನ್ನಮ್ಮ 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡದ್ದು, ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದ್ದು, ಇವೆಲ್ಲ ದಾಖಲೆಯಲ್ಲಿವೆ.

ಇನ್ನೊಂದು ಗಮನಿಸಿ. ‘ಡಾಲ್‌ಹೌಸಿಯ ದತ್ತು ಕಾನೂನಿನಿಂದ ಕಿತ್ತೂರು ಹೋಯಿತು’ ಅಂತ ಹಲವರು ಹೇಳುತ್ತಾರೆ. ಡಾಲ್‌ಹೌಸಿ ಗವರ್ನರ್ ಜನರಲ್ ಆಗಿ ಬಂದದ್ದು 1848ರಲ್ಲಿ, ಕಿತ್ತೂರಿನ ಯುದ್ಧವಾಗಿ 24 ವರ್ಷವಾದ ಮೇಲೆ. ದತ್ತು ಒಪ್ಪದೆ ಸಂಸ್ಥಾನ ನುಂಗುವ ಆಟವನ್ನು ಕಂಪನಿ ಅದಕ್ಕೆ ಒಂದು ಹೆಸರು ಕೊಡುವ ಮೊದಲೇ ಕಿತ್ತೂರಿನಲ್ಲಿ ಆಡಿತ್ತು. ಇದು ಸಿನಿಮಾದ ಡೈಲಾಗಿಗಿಂತ ಕಮ್ಮಿ ರೋಚಕವೇನಲ್ಲ.

ಸಿನಿಮಾ ಬರುವುದಕ್ಕೆ ಮೊದಲೂ ಈ ಕಥೆ ಸತ್ತಿರಲಿಲ್ಲ. ಉತ್ತರ ಕರ್ನಾಟಕದ ಲಾವಣಿಕಾರರು ಇದನ್ನು ಹಾಡಿಕೊಂಡೇ ಬಂದಿದ್ದರು. ರಾಯಣ್ಣನ ಲಾವಣಿಯನ್ನು ಜೆ.ಎಫ್. ಫ್ಲೀಟ್ ಎಂಬ ಬ್ರಿಟಿಷ್ ಅಧಿಕಾರಿ ಹತ್ತೊಂಬತ್ತನೇ ಶತಮಾನದಲ್ಲೇ ಸಂಗ್ರಹಿಸಿ ಅಚ್ಚು ಹಾಕಿಸಿದ. ಹಾಗಾಗಿ ‘ಪ್ರದರ್ಶನದ ಮೂಲಕ ಇತಿಹಾಸ’ ನಮಗೆ ಹೊಸದಲ್ಲ. ಲಾವಣಿ, ಕಂಪನಿ ನಾಟಕ, ಸಿನಿಮಾ, ಛದ್ಮವೇಷ, ಇದೊಂದು ಸರಪಳಿ. ಕೊನೆಯ ಕೊಂಡಿ ನಮ್ಮ ಕೈಯಲ್ಲಿದೆ.

ತಾಳಗುಂದದ ಕಂಬ

1975ರ ‘ಮಯೂರ’ ಚಿತ್ರ ದೇವುಡು ನರಸಿಂಹಶಾಸ್ತ್ರಿಗಳ ಕಾದಂಬರಿಯನ್ನು ಆಧರಿಸಿದ್ದು. ಕದಂಬರು, ಬನವಾಸಿ ಎಂಬ ಮಾತುಗಳು ಸಾಮಾನ್ಯ ಕನ್ನಡಿಗರ ಮನೆಯೊಳಗೆ ಬಂದದ್ದರಲ್ಲಿ ಈ ಚಿತ್ರದ ಪಾಲು ದೊಡ್ಡದು. ಚಿತ್ರದ ಮಯೂರ ಪಲ್ಲವರಿಂದ ತನ್ನ ವಂಶದ ರಾಜ್ಯವನ್ನು ಮರಳಿ ಗಳಿಸುವ ವೀರ.

ಈಗ ಶಿಕಾರಿಪುರದ ಹತ್ತಿರದ ತಾಳಗುಂದಕ್ಕೆ ಬನ್ನಿ. ಅಲ್ಲಿ ಪ್ರಣವೇಶ್ವರ ದೇವಾಲಯದ ಎದುರು ಒಂದು ಕಲ್ಲುಕಂಬ ಇದೆ. ಕುಬ್ಜ ಎಂಬ ಕವಿ ಬರೆದ ಸಂಸ್ಕೃತ ಶಾಸನ ಅದರ ಮೇಲಿದೆ. ಆ ಶಾಸನ ಹೇಳುವ ಮಯೂರಶರ್ಮ ಒಬ್ಬ ವಿದ್ಯಾರ್ಥಿ. ಗುರು ವೀರಶರ್ಮನ ಜೊತೆ ಓದಲಿಕ್ಕೆಂದು ಪಲ್ಲವರ ರಾಜಧಾನಿ ಕಂಚಿಯ ಘಟಿಕೆಗೆ ಹೋದವನು. ಅಲ್ಲಿ ಪಲ್ಲವರ ಒಬ್ಬ ಅಶ್ವಾರೋಹಿಯೊಂದಿಗೆ ಜಗಳವಾಯಿತು, ಅವಮಾನವಾಯಿತು. ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದ. ಗಡಿ ಕಾಯುವವರನ್ನು ಸೋಲಿಸಿ ಶ್ರೀಪರ್ವತದವರೆಗಿನ ಕಾಡಿನಲ್ಲಿ ನೆಲೆ ಮಾಡಿಕೊಂಡ. ಕೊನೆಗೆ ಪಲ್ಲವರೇ ಅವನನ್ನು ಅರಸನೆಂದು ಒಪ್ಪಿಕೊಂಡರು.

ಓದಲೆಂದು ಪರಸ್ಥಳಕ್ಕೆ ಹೋದ ಹುಡುಗ, ಅಲ್ಲಿನ ಅಧಿಕಾರದವರ ಎದುರು ತಾನು ಯಾರೂ ಅಲ್ಲ ಅನ್ನಿಸಿಕೊಂಡ ಕ್ಷಣ! ವೀಸಾ ಸಾಲಿನಲ್ಲಿ ನಿಂತ ನಮಗೆ ಕಳೆದುಹೋದ ರಾಜ್ಯದ ರಾಜಕುಮಾರನಿಗಿಂತ ಈ ವಿದ್ಯಾರ್ಥಿ ಹತ್ತಿರದವನು ಅಲ್ವಾ? ಸಿನಿಮಾ ನೋಡದಿದ್ದರೆ ಮಯೂರನ ಹೆಸರೇ ನಮಗೆ ಗೊತ್ತಾಗುತ್ತಿರಲಿಲ್ಲ. ಸಿನಿಮಾದಲ್ಲೇ ನಿಂತಿದ್ದರೆ ಈ ವಿದ್ಯಾರ್ಥಿ ಸಿಗುತ್ತಿರಲಿಲ್ಲ.

ಹಾಗಂತ ಶಾಸನವೂ ದೇವರ ವಾಕ್ಯವಲ್ಲ. ಅದು ಮಯೂರನ ಕಾಲದ್ದಲ್ಲ, ಸುಮಾರು ನೂರು ವರ್ಷದ ನಂತರ, ಅವನದೇ ವಂಶದ ಶಾಂತಿವರ್ಮನ ಕಾಲದಲ್ಲಿ ಕೆತ್ತಿಸಿದ್ದು. ಅದರ ಮುಖ್ಯ ಉದ್ದೇಶ ಕಾಕುಸ್ಥವರ್ಮ ಕಟ್ಟಿಸಿದ ಒಂದು ಕೆರೆಯ ವಿಷಯ ಹೇಳುವುದು. ವಂಶದ ಹಿರಿಯನನ್ನು ಹೊಗಳುವಾಗ ಮೊಮ್ಮಕ್ಕಳು ಸ್ವಲ್ಪ ಉಪ್ಪುಖಾರ ಹಾಕಿರಲೂಬಹುದು. ಇದು ಯಾರು ಹೇಳಿದ್ದು, ಯಾವಾಗ, ಯಾಕೆ ಅಂತ ಕೇಳುವ ಅಭ್ಯಾಸ ಬಂತು ಅಂದರೆ ಸಿನಿಮಾ ತನ್ನ ಕೆಲಸ ಮಾಡಿದ ಹಾಗೆ.

ಒಂದು ಕಲ್ಯಾಣ, ಹಲವು ನಾಟಕ

ಹನ್ನೆರಡನೇ ಶತಮಾನದ ಕಲ್ಯಾಣದ ಕಥೆ ನಮಗೆಲ್ಲ ಗೊತ್ತು. ಬಿಜ್ಜಳನ ಆಡಳಿತ, ಬಸವಣ್ಣನವರು ಕಟ್ಟಿದ ಶರಣ ಸಮುದಾಯ, ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಆದ ಮದುವೆ, ಅದಕ್ಕೆ ಸಿಕ್ಕ ಭೀಕರ ಶಿಕ್ಷೆ, ಬಿಜ್ಜಳನ ಕೊಲೆ, ಶರಣರು ಚದುರಿ ಹೋದದ್ದು. 1959ರಲ್ಲೇ ‘ಜಗಜ್ಯೋತಿ ಬಸವೇಶ್ವರ’ ಎಂಬ ಸಿನಿಮಾ ಬಂತು. ಪಿ. ಲಂಕೇಶರು ‘ಸಂಕ್ರಾಂತಿ’ ಬರೆದರು. ಎಚ್.ಎಸ್. ಶಿವಪ್ರಕಾಶ್ 1986ರಲ್ಲಿ ‘ಮಹಾಚೈತ್ರ’ ಬರೆದರು. ಗಿರೀಶ ಕಾರ್ನಾಡರ ‘ತಲೆದಂಡ’ 1990ರಲ್ಲಿ ಬಂತು, 1994ರಲ್ಲಿ ಅದಕ್ಕೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಿಕ್ಕಿತು.

ಒಂದೇ ಘಟನೆಗೆ ಇಷ್ಟು ನಾಟಕ ಯಾಕೆ? ಏಕೆಂದರೆ ಪ್ರತಿ ಕಾಲವೂ ಕಲ್ಯಾಣಕ್ಕೆ ತನ್ನದೇ ಪ್ರಶ್ನೆ ತೆಗೆದುಕೊಂಡು ಹೋಗುತ್ತದೆ. ಲಂಕೇಶರಿಗೆ ಜಾತಿ ಮೀರಿದ ಪ್ರೇಮ ಮತ್ತು ಮತಾಂತರ ಒಬ್ಬ ದಲಿತ ಯುವಕನಿಗೆ ಏನು ಮಾಡುತ್ತದೆ ಎಂಬ ಪ್ರಶ್ನೆ. ಶಿವಪ್ರಕಾಶರಿಗೆ ದುಡಿಯುವ ಜನರ ಪ್ರಶ್ನೆ. ಕಾರ್ನಾಡರಿಗೆ ಮಂಡಲ್–ಮಂದಿರದ ದಿನಗಳ ಭಾರತದ ಪ್ರಶ್ನೆ. ಇದೇ ಕಾರ್ನಾಡರು 1964ರಲ್ಲಿ ‘ತುಘಲಕ್’ ಬರೆದಾಗಲೂ ಜನ ಅದರಲ್ಲಿ ಹದಿನಾಲ್ಕನೇ ಶತಮಾನದ ದೆಹಲಿಯ ಜೊತೆಗೆ ನೆಹರೂ ಯುಗದ ಕನಸು ಮುರಿದದ್ದನ್ನೂ ಕಂಡಿದ್ದರು.

ಬಿಟ್ಟ ಜಾಗ ಇರುವುದರಿಂದಲೇ ನಾಟಕಕಾರನಿಗೆ ಅವಕಾಶ. ಕಲ್ಯಾಣದ ಈ ಕಥೆಯನ್ನು ವಿವರವಾಗಿ ಹೇಳುವುದು ಆಮೇಲೆ ಬಂದ ಕಾವ್ಯಗಳು: ಹರಿಹರನ ರಗಳೆ, ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣ, ಭೀಮಕವಿಯ 1369ರ ಕನ್ನಡ ಬಸವಪುರಾಣ. ಬಸವಣ್ಣನವರ ಹೆಸರು ಹೇಳುವ ಪ್ರಸಿದ್ಧ ಅರ್ಜುನವಾಡ ಶಾಸನ 1260ರದ್ದು, ಅಂದರೆ ಅವರ ಕಾಲಕ್ಕೆ ಸುಮಾರು ನೂರು ವರ್ಷ ಈಚಿನದು. ಈ ನಡುವಿನ ಜಾಗದಲ್ಲಿ ಭಕ್ತರಿಗೆ ನಂಬಿಕೆ ಇದೆ, ನಾಟಕಕಾರರಿಗೆ ಕಲ್ಪನೆ ಇದೆ. ಎರಡೂ ಡಿಕ್ಕಿ ಹೊಡೆದಾಗ ಗಲಾಟೆಯೂ ಆಗುತ್ತದೆ. ‘ಮಹಾಚೈತ್ರ’ ವಿಶ್ವವಿದ್ಯಾಲಯದ ಪಠ್ಯವಾಗಿದ್ದಾಗ 1990ರ ದಶಕದಲ್ಲಿ ಎದ್ದ ವಿವಾದ ನಮ್ಮ ಅಪ್ಪ ಅಮ್ಮಂದಿರಿಗೆ ನೆನಪಿರಬಹುದು.

ಈ ಕಲ್ಯಾಣಕ್ಕೂ ನಮ್ಮ ಶಿಕಾಗೊಗೂ ನಂಟಿದೆ. 1962ರಿಂದ 1993ರಲ್ಲಿ ತೀರಿಕೊಳ್ಳುವವರೆಗೆ ಶಿಕಾಗೊ ವಿಶ್ವವಿದ್ಯಾಲಯದಲ್ಲಿದ್ದ ಎ.ಕೆ. ರಾಮಾನುಜನ್ ಅವರ ‘ಸ್ಪೀಕಿಂಗ್ ಆಫ್ ಶಿವ’ 1973ರಲ್ಲಿ ಪ್ರಕಟವಾಯಿತು, ವಚನಗಳು ಪ್ರಪಂಚದ ಓದುಗರಿಗೆ ಮುಟ್ಟಿದವು. ಕಾರ್ನಾಡರೂ 1987–88ರಲ್ಲಿ ಅದೇ ಕ್ಯಾಂಪಸ್ಸಿನಲ್ಲಿದ್ದರು. ರಾಮಾನುಜನ್ ಹೇಳಿದ ಜನಪದ ಕಥೆಗಳಿಂದಲೇ ‘ನಾಗಮಂಡಲ’ ಹುಟ್ಟಿತು. ‘ಇಲ್ಲಿ ಕೂತು ನಮ್ಮ ಇತಿಹಾಸ ಯಾಕೆ ಆಡಬೇಕು’ ಅಂತ ಯಾರಾದರೂ ಕೇಳಿದರೆ ಈ ಇಬ್ಬರ ಹೆಸರು ಹೇಳಿ ಸಾಕು.

ಬೇರೆಯವರು ಏನು ಮಾಡಿದರು

ನಮ್ಮ ಲ್ಯಾಬುಗಳಲ್ಲಿ, ಹಾಸ್ಟೆಲುಗಳಲ್ಲಿ ಕೊರಿಯಾದ ಗೆಳೆಯರು ಬಹಳ ಇದ್ದಾರೆ. ಅವರ ದೇಶದ ಒಂದು ಸಿನಿಮಾದ ಕಥೆ ಕೇಳಿ. 1980ರಲ್ಲಿ ಗ್ವಾಂಗ್ಜು ಊರಿನಲ್ಲಿ ಸೈನಿಕ ಆಡಳಿತದ ವಿರುದ್ಧ ಎದ್ದ ಜನರ ಮೇಲೆ ಸೈನ್ಯ ಗುಂಡು ಹಾರಿಸಿತು. ಯೂರ್ಗನ್ ಹಿಂಟ್ಸ್‌ಪೇಟರ್ ಎಂಬ ಜರ್ಮನ್ ವರದಿಗಾರ ಒಬ್ಬ ಟ್ಯಾಕ್ಸಿ ಚಾಲಕನ ಸಹಾಯದಿಂದ ಒಳಹೊಕ್ಕು ಅದನ್ನು ಚಿತ್ರೀಕರಿಸಿ ಜಗತ್ತಿಗೆ ತೋರಿಸಿದರು. ಆ ಚಾಲಕನನ್ನು ಮತ್ತೆ ಕಾಣಬೇಕೆಂದು ಎಷ್ಟೋ ವರ್ಷ ಹುಡುಕಿದರು, ಸಿಗಲಿಲ್ಲ. 2016ರಲ್ಲಿ ಹಿಂಟ್ಸ್‌ಪೇಟರ್ ತೀರಿಕೊಂಡರು. 2017ರಲ್ಲಿ ಈ ಕಥೆಯ ಮೇಲೆ ‘ಎ ಟ್ಯಾಕ್ಸಿ ಡ್ರೈವರ್’ ಸಿನಿಮಾ ಬಂತು. ಒಂದು ಕೋಟಿಗೂ ಹೆಚ್ಚು ಟಿಕೆಟ್ ಮಾರಾಟವಾಯಿತು. ಆಮೇಲೆ ಚಾಲಕನ ಮಗ ಮುಂದೆ ಬಂದು, ಅವರು ನಮ್ಮ ತಂದೆ ಕಿಮ್ ಸಾ-ಬೊಕ್, 1984ರಲ್ಲೇ ಕ್ಯಾನ್ಸರಿನಿಂದ ತೀರಿಕೊಂಡರು ಅಂತ ತಿಳಿಸಿದರು. ಸಿನಿಮಾ ಕಲ್ಪಿಸಿಕೊಂಡಿದ್ದ ಚಾಲಕನೇ ಬೇರೆ, ನಿಜವಾದ ಮನುಷ್ಯನೇ ಬೇರೆ. ಪರದೆ ಬಿದ್ದ ಮೇಲೆ ಹೊಸ ಸತ್ಯ ಹೊರಬಂತು, ಸಿನಿಮಾವನ್ನೇ ತಿದ್ದಿತು. ಪ್ರೇಕ್ಷಕರು ಸಿನಿಮಾವನ್ನೇನೂ ಬೈಯಲಿಲ್ಲ. ಇತಿಹಾಸ ಇನ್ನಷ್ಟು ಹತ್ತಿರವಾಯಿತು, ಅಷ್ಟೆ.

ಶಿಕಾಗೊದಲ್ಲಿ ‘ಹ್ಯಾಮಿಲ್ಟನ್’ ಸಂಗೀತ ನಾಟಕ 2016ರಿಂದ 2020ರ ಜನವರಿಯವರೆಗೆ ನಡೆಯಿತು. ಅಮೆರಿಕದ ಮೊದಲ ಖಜಾನೆ ಮಂತ್ರಿಯ ಕಥೆಯನ್ನು ರ‍್ಯಾಪ್ ಮಾಡಿ ಹೇಳಿದರೆ ಜನ ಟಿಕೆಟಿಗೆ ಮುಗಿಬೀಳುತ್ತಾರೆ ಅಂತ ಯಾರೂ ಅಂದುಕೊಂಡಿರಲಿಲ್ಲ. ನಮಗೆ ಮುಖ್ಯ ಅನ್ನಿಸಿದ್ದು ಅದರ ಜೊತೆ ನಡೆದ ಶಾಲಾ ಕಾರ್ಯಕ್ರಮ. ನ್ಯೂಯಾರ್ಕಿನಲ್ಲಿ ಶುರುವಾಗಿ ಶಿಕಾಗೊಗೂ ಬಂದ ಆ ಕಾರ್ಯಕ್ರಮದಲ್ಲಿ ಹೈಸ್ಕೂಲ್ ಮಕ್ಕಳು ನಾಟಕ ನೋಡುವ ಮೊದಲು ಆ ಕಾಲದ ಮೂಲ ಪತ್ರಗಳನ್ನು ಓದಿ, ತಾವೇ ಒಂದು ಹಾಡನ್ನೋ ದೃಶ್ಯವನ್ನೋ ಕಟ್ಟಬೇಕು. ‘ಹ್ಯಾಮಿಲ್ಟನ್’ ಗುಲಾಮಗಿರಿಯ ವಿಷಯವನ್ನು ಹಗುರ ಮಾಡಿದೆ ಅಂತ ಇತಿಹಾಸಕಾರರು ಟೀಕಿಸಿದ್ದೂ ಉಂಟು. ನಾಟಕ, ಮೂಲ ದಾಖಲೆ, ಟೀಕೆ, ಮೂರೂ ಒಟ್ಟಿಗೆ ಬಂದವು.

ಡೆಟ್ರಾಯಿಟ್ ಕಡೆಯ ಕಥೆ ನಮ್ಮ ಚರ್ಮಕ್ಕೇ ತಾಗುವಂಥದ್ದು. 1982ರಲ್ಲಿ ಅಲ್ಲಿ ಕಾರು ಕಾರ್ಖಾನೆಗಳು ಸೊರಗಿ ಜನ ಕೆಲಸ ಕಳೆದುಕೊಂಡಿದ್ದರು, ಸಿಟ್ಟೆಲ್ಲ ಜಪಾನಿನ ಕಾರುಗಳ ಮೇಲಿತ್ತು. ಜೂನ್ 19ರ ರಾತ್ರಿ ಹೈಲ್ಯಾಂಡ್ ಪಾರ್ಕಿನಲ್ಲಿ, ಮದುವೆಗೆ ಕೆಲವೇ ದಿನ ಇದ್ದ ವಿನ್ಸೆಂಟ್ ಚಿನ್ ಎಂಬ 27 ವರ್ಷದ ಚೀನೀ ಮೂಲದ ಅಮೆರಿಕನ್ ಯುವಕನನ್ನು ಇಬ್ಬರು ಬಿಳಿಯರು ಬೇಸ್‌ಬಾಲ್ ಬ್ಯಾಟಿನಿಂದ ಹೊಡೆದರು. ನಾಲ್ಕು ದಿನದ ಮೇಲೆ ಆತ ಸತ್ತ. ಹೊಡೆದವರಿಗೆ ಸಿಕ್ಕ ಶಿಕ್ಷೆ ಮೂರು ವರ್ಷ ಪ್ರೊಬೇಷನ್ ಮತ್ತು 3,000 ಡಾಲರ್ ದಂಡ, ಒಂದು ದಿನವೂ ಜೈಲಿಲ್ಲ. ಕ್ರಿಸ್ಟೀನ್ ಚೋಯ್ ಮತ್ತು ರೆನೀ ತಾಜಿಮಾ ಮಾಡಿದ ಸಾಕ್ಷ್ಯಚಿತ್ರ ‘ಹೂ ಕಿಲ್ಡ್ ವಿನ್ಸೆಂಟ್ ಚಿನ್?’ ಈ ಹೆಸರನ್ನು ಉಳಿಸಿತು. ಆಸ್ಕರ್‌ಗೆ ನಾಮನಿರ್ದೇಶನವಾದ ಈ ಚಿತ್ರವನ್ನು 2021ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ಪಟ್ಟಿಗೆ ಸೇರಿಸಿದರು. ಅದರಲ್ಲಿ ತಾಯಿಯ ಮಾತೂ ಇದೆ, ಹೊಡೆದವನ ಮಾತೂ ಇದೆ. ಹೆಸರೇ ಒಂದು ಪ್ರಶ್ನೆ, ಉತ್ತರ ನೋಡುವವರಿಗೆ ಬಿಟ್ಟದ್ದು. 2017ರಲ್ಲಿ ಕ್ಯಾನ್ಸಸ್ ರಾಜ್ಯದಲ್ಲಿ ಒಬ್ಬ ಭಾರತೀಯ ಎಂಜಿನಿಯರನ್ನು ಇರಾನಿನವನೆಂದು ತಿಳಿದು ಗುಂಡಿಟ್ಟು ಕೊಂದಾಗ, 1982 ಎಷ್ಟು ಹತ್ತಿರ ಇದೆ ಅಂತ ಈ ಚಿತ್ರ ನೋಡಿದವರಿಗೆ ಹೇಳಿಕೊಡಬೇಕಾಗಿರಲಿಲ್ಲ. ನಾವು ಬದುಕುತ್ತಿರುವ ಊರಿನ ಇತಿಹಾಸವೂ ನಮ್ಮದೇ.

ಹೊಲ ಅಗೆದವರು

ಇನ್ನು ನಾಣ್ಯದ ಇನ್ನೊಂದು ಮುಖ. 2025ರ ಫೆಬ್ರವರಿಯಲ್ಲಿ ಸಂಭಾಜಿಯ ಕುರಿತ ಹಿಂದಿ ಚಿತ್ರ ‘ಛಾವಾ’ ಬಂತು. ಮಾರ್ಚ್‌ನಲ್ಲಿ ಮಧ್ಯಪ್ರದೇಶದ ಬುರ್ಹಾನ್‌ಪುರದ ಹತ್ತಿರ, ಅಸೀರ್‌ಗಢ ಕೋಟೆಯ ಸುತ್ತಲ ಹೊಲಗಳಲ್ಲಿ ಜನ ರಾತ್ರಿ ಟಾರ್ಚ್ ಹಿಡಿದು, ಗುದ್ದಲಿ ತಂದು, ಮೊಘಲರ ಚಿನ್ನ ಸಿಗುತ್ತದೆ ಅಂತ ನೆಲ ಅಗೆದರು. ಪೊಲೀಸರು ಬರಬೇಕಾಯಿತು. ನಗು ಬರುತ್ತದೆ ನಿಜ. ಆದರೆ ಅದೇ ತಿಂಗಳು ಔರಂಗಜೇಬನ ಗೋರಿ ಕಿತ್ತುಹಾಕಬೇಕೆಂಬ ಕೂಗು ಎದ್ದು ನಾಗ್ಪುರದಲ್ಲಿ ಗಲಭೆಯಾಯಿತು. ಅಲ್ಲಿ ನಗುವುದಕ್ಕೇನೂ ಇರಲಿಲ್ಲ.

ಆಸಕ್ತಿ ಹುಟ್ಟಿತ್ತು, ಅದರಲ್ಲಿ ಅನುಮಾನವಿಲ್ಲ. ಆದರೆ ಸಿನಿಮಾದಿಂದ ಹೊರಗೆ ಬಂದವರಿಗೆ ಮುಂದಿನ ಮೆಟ್ಟಿಲು ಇರಲಿಲ್ಲ. ಕೈಗೆ ಸಿಕ್ಕದ್ದು ಗುದ್ದಲಿ, ಇಲ್ಲವೇ ಕಲ್ಲು. ಸಿನಿಮಾ ಮಂದಿರದಿಂದ ಪುಸ್ತಕದ ಅಂಗಡಿಗೆ ಒಂದು ದಾರಿ ಬೇಕು. ಆ ದಾರಿಯನ್ನು ಸಿನಿಮಾದವರು ಹಾಕುವುದಿಲ್ಲ, ನೋಡಿದವರೇ ಹಾಕಿಕೊಳ್ಳಬೇಕು.

ಹೆಗ್ಗೋಡಿನ ಬೆಳಗು

ಆ ದಾರಿ ಹಾಕಿದ ಒಂದು ಊರು ನಮ್ಮಲ್ಲೇ ಇದೆ. ಸಾಗರದ ಹತ್ತಿರದ ಹೆಗ್ಗೋಡಿನಲ್ಲಿ 1949ರಲ್ಲಿ ಶುರುವಾದ ನೀನಾಸಂ, ಕೆ.ವಿ. ಸುಬ್ಬಣ್ಣನವರ ಮುಂದಾಳತ್ವದಲ್ಲಿ ನಾಟಕ ಶಾಲೆ, ಚಿತ್ರಸಮಾಜ, ಊರೂರು ಸುತ್ತುವ ತಿರುಗಾಟ ಎಲ್ಲವನ್ನೂ ಕಟ್ಟಿತು. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅಲ್ಲಿನ ಸಂಸ್ಕೃತಿ ಶಿಬಿರದ ಪದ್ಧತಿ ಬಹಳ ಸರಳ: ಸಂಜೆ ನಾಟಕ, ಮರುದಿನ ಬೆಳಗ್ಗೆ ಅದರ ಮೇಲೆ ಚರ್ಚೆ. ಅಡಿಕೆ ಬೆಳೆಗಾರರು, ಮೇಷ್ಟ್ರುಗಳು, ಕಾಲೇಜು ಹುಡುಗರು, ವಿದ್ವಾಂಸರು ಒಂದೇ ಸಾಲಿನಲ್ಲಿ ಕೂತು ಮಾತಾಡುತ್ತಾರೆ. ರಾತ್ರಿ ಎದ್ದ ಭಾವನೆ ಬೆಳಗ್ಗೆ ಹೊತ್ತಿಗೆ ಪ್ರಶ್ನೆಯಾಗಿರುತ್ತದೆ. ಇದಕ್ಕೆ ದೊಡ್ಡ ದುಡ್ಡು ಬೇಕಾಗಿಲ್ಲ, ದೊಡ್ಡ ಹಾಲ್ ಬೇಕಾಗಿಲ್ಲ. ಮರುದಿನ ಬೆಳಗ್ಗೆ ಬರುತ್ತೇವೆ ಅನ್ನುವ ಮನಸ್ಸು ಬೇಕು.

ನಾವು ಇಲ್ಲಿ ಏನು ಮಾಡಬಹುದು

ಮೊದಲು ಒಂದು ನಿಜ ಒಪ್ಪಿಕೊಳ್ಳೋಣ. ಹೊರದೇಶದ ನಮ್ಮ ವೇದಿಕೆಗಳಲ್ಲಿ ಹಾಸ್ಯ ನಾಟಕವೇ ಹೆಚ್ಚು. ಇತಿಹಾಸ ಅಂದರೆ ಯಾರಿಗೋ ಬೇಜಾರಾಗುತ್ತದೆ, ಜಾತಿ ಧರ್ಮ ಬರುತ್ತದೆ, ವರ್ಷಕ್ಕೊಮ್ಮೆ ಸೇರುವ ಜನ ಮುಖ ಮುರಿದುಕೊಳ್ಳುತ್ತಾರೆ ಎಂಬ ಭಯ. ಭಯ ಸುಳ್ಳಲ್ಲ. ಆದರೆ ನಾವು ವೇದಿಕೆಯಿಂದ ಇಳಿಸಿದ ಮಾತ್ರಕ್ಕೆ ಇತಿಹಾಸ ಸುಮ್ಮನಿರುವುದಿಲ್ಲ, ಫೋನಿಗೆ ಹೋಗುತ್ತದೆ. ಅಲ್ಲಿ ಎದುರಿಗೆ ಮುಖವಿಲ್ಲ, ಪಕ್ಕದಲ್ಲಿ ಗೆಳೆಯನಿಲ್ಲ, ‘ಇದು ನಿಮಗೆ ಹೇಗೆ ಗೊತ್ತು’ ಅಂತ ಕೇಳುವವರಿಲ್ಲ. ಹಾಲ್‌ನಲ್ಲಿ ಆಗಬಹುದಾದ ಚಿಕ್ಕ ಜಗಳಕ್ಕೆ ಹೆದರಿ ನಾವು ಮನೆಮನೆಯ ದೊಡ್ಡ ಮೌನವನ್ನು ಆರಿಸಿಕೊಂಡಿದ್ದೇವೆ.

ಅದಕ್ಕೇ ನಮ್ಮ ಕಡೆಯಿಂದ ಕೆಲವು ಸಲಹೆ, ಯಾವ ಕ್ಯಾಂಪಸ್ಸಿನಲ್ಲೂ ಮಾಡುವಂಥವು.

ಒಂದು, ಇಡೀ ನಾಟಕ ಬೇಡ, ಇಪ್ಪತ್ತು ನಿಮಿಷದ ಒಂದು ದೃಶ್ಯ ಸಾಕು. ಸೆಟ್ ಬೇಡ, ಕಿರೀಟ ಬೇಡ, ಕೈಯಲ್ಲಿ ಪ್ರತಿ ಹಿಡಿದು ಓದಿದರೂ ಆಯಿತು. ಕನ್ನಡ ಮಾತಾಡಲು ಬಂದು ಓದಲು ಬಾರದ ಗೆಳೆಯರಿಗೆ ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಟ್ಟರೆ ಅವರೂ ಪಾತ್ರ ಮಾಡುತ್ತಾರೆ. ‘ತಲೆದಂಡ’ವನ್ನೋ, 1565ರ ಯುದ್ಧದ ಮೇಲೆ ಕಾರ್ನಾಡರು ಬರೆದ ‘ರಾಕ್ಷಸ ತಂಗಡಿ’ಯನ್ನೋ ಆರಿಸಿದರೆ ಹಕ್ಕುದಾರರ ಅನುಮತಿ ಮೊದಲೇ ಕೇಳಿಕೊಳ್ಳಬೇಕು.

ಎರಡು, ಬಂದವರ ಕೈಗೆ ಒಂದು ಹಾಳೆ ಕೊಡೋಣ. ಅದರಲ್ಲಿ ಮೂರು ಕಲಂ: ದಾಖಲೆಯಲ್ಲಿ ಇರುವುದು, ಜನರ ಬಾಯಲ್ಲಿ ಬಂದದ್ದು, ನಾಟಕಕಾರ ಸೇರಿಸಿದ್ದು. ಅಳಿಯ ರಾಮರಾಯ ಯುದ್ಧದಲ್ಲಿ ಸತ್ತದ್ದು ಮೊದಲನೆಯದಕ್ಕೆ. ಊರೂರಲ್ಲಿ ಹೇಳುವ ನಿಧಿಯ ಕಥೆ ಎರಡನೆಯದಕ್ಕೆ. ಮಲಗುವ ಕೋಣೆಯ ಸಂಭಾಷಣೆ ಮೂರನೆಯದಕ್ಕೆ. ಮೂರನ್ನೂ ಬೇರೆ ಮಾಡಿ ನೋಡಿದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ರಾಮರಾಯನಿಗೂ ಬಿಜಾಪುರದ ಅಲಿ ಆದಿಲ್ ಶಾಹನಿಗೂ ಒಂದು ಕಾಲದಲ್ಲಿ ತಂದೆ ಮಗನಂಥ ಸಂಬಂಧ ಇತ್ತೆಂದು ಫೆರಿಶ್ತಾ ಬರೆದಿರುವುದನ್ನು ಓದಿದವರು ಆ ಯುದ್ಧವನ್ನು ಒಂದೇ ಸಾಲಿನ ಫಾರ್ವರ್ಡ್ ಮಾಡಲಾರರು.

ಮೂರು, ಅರ್ಧ ಗಂಟೆ ಮಾತು. ಊಟಕ್ಕೆ ಮೊದಲೇ ಇಟ್ಟರೆ ಯಾರೂ ಎದ್ದು ಹೋಗುವುದಿಲ್ಲ! ನಿಯಮ ಒಂದೇ: ‘ನಮ್ಮವರು’, ‘ನಿಮ್ಮವರು’ ಅನ್ನದೆ, ‘ಇದು ಹೇಗೆ ಗೊತ್ತಾಯಿತು’ ಅಂತ ಕೇಳಬೇಕು.

ನಾಲ್ಕು, ಬೇಸಿಗೆಯಲ್ಲಿ ಊರಿಂದ ಬರುವ ಅಪ್ಪ ಅಮ್ಮ, ಅಜ್ಜ ಅಜ್ಜಿಯರು. ಆರು ತಿಂಗಳು ಕಿಟಕಿ ನೋಡುತ್ತಾ ಕೂರುವ ಅವರಲ್ಲಿ ಎಷ್ಟೋ ಜನ ಕಂಪನಿ ನಾಟಕ ನೋಡಿದವರು, ಲಾವಣಿ, ಗೀಗೀ ಪದ ಕೇಳಿದವರು. ಫೋನಿನಲ್ಲಿ ಹತ್ತು ನಿಮಿಷ ಧ್ವನಿಮುದ್ರಣ ಮಾಡಿಕೊಂಡರೆ ಅದೇ ಒಂದು ದಾಖಲೆ.

ಐದು, ಗ್ರಂಥಾಲಯ. 1962ರಿಂದ ಪಿ.ಎಲ್. 480 ಯೋಜನೆಯಡಿ, ಭಾರತ ಗೋಧಿಗೆ ಕೊಟ್ಟ ರೂಪಾಯಿಯಲ್ಲೇ ಭಾರತದ ಪುಸ್ತಕ ಕೊಂಡು ಅಮೆರಿಕದ ವಿಶ್ವವಿದ್ಯಾಲಯಗಳಿಗೆ ಕಳಿಸಿದರು. ಕನ್ನಡ ಪುಸ್ತಕಗಳೂ ಅವುಗಳಲ್ಲಿದ್ದವು. ಶಿಕಾಗೊದ ರೀಗನ್‌ಸ್ಟೈನ್‌ನಲ್ಲಿ, ಆ್ಯನ್ ಆರ್ಬರ್‌ನ ಹ್ಯಾಚರ್‌ನಲ್ಲಿ ದಕ್ಷಿಣ ಏಷ್ಯಾ ಸಂಗ್ರಹ ಇದೆ. ನಮ್ಮ ವಿದ್ಯಾರ್ಥಿ ಕಾರ್ಡಿಗೆ ಅಲ್ಲಿ ಒಂದು ಪೈಸೆ ಖರ್ಚಿಲ್ಲ. ಮನೆಯಲ್ಲೇ ಕೂತವರಿಗೆ ‘ವಚನ ಸಂಚಯ’ ಅಂತರ್ಜಾಲದಲ್ಲಿದೆ, ಬಿ.ಎಲ್. ರೈಸ್ ಶುರು ಮಾಡಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹಳೆಯ ಸಂಪುಟಗಳೂ ಸಿಗುತ್ತವೆ. ನಿಮ್ಮ ತಾಲ್ಲೂಕಿನ ಹೆಸರು ಹುಡುಕಿ ನೋಡಿ. ನಿಮ್ಮೂರಿನ ಒಂದು ವೀರಗಲ್ಲು ಅದರಲ್ಲಿ ಇದ್ದರೂ ಇರಬಹುದು.

ಶಿಕಾಗೊಗೂ ಡೆಟ್ರಾಯಿಟ್‌ಗೂ ಗಡಿಯಾರದಲ್ಲಿ ಒಂದು ಗಂಟೆ ವ್ಯತ್ಯಾಸ, ಇಂಟರ್‌ಸ್ಟೇಟ್ 94ರಲ್ಲಿ ನಾಲ್ಕೂವರೆ ಗಂಟೆ ದಾರಿ, ನಡುವೆ ಕಲಮಜೂ. ಜೂಮಿನಲ್ಲಿ ರಿಹರ್ಸಲ್ ಮಾಡಿ, ನಡುದಾರಿಯಲ್ಲಿ ಸೇರಿ ಒಂದು ದೃಶ್ಯ ಆಡಬಹುದು. ಮೊದಲ ವರ್ಷಕ್ಕೆ ವಿಷಯ ಹುಡುಕಿಕೊಂಡು ಬಹಳ ದೂರ ಹೋಗಬೇಕಾಗಿಲ್ಲ. ಎರಡು ಬ್ಯಾನರಿನ ಮೇಲಿರುವ ಎರಡು ಹೆಸರುಗಳಿಂದಲೇ ಶುರು ಮಾಡೋಣ. ಪಂಪನಾಗಿ ಯಾರು ನಿಲ್ಲುತ್ತೀರಿ, ವಿದ್ಯಾರಣ್ಯರಾಗಿ ಯಾರು, ಅವರಿಬ್ಬರನ್ನೂ ಪ್ರಶ್ನೆ ಕೇಳುವ ವಿದ್ಯಾರ್ಥಿಯಾಗಿ ಯಾರು ಅಂತ ತಿಳಿಸಿ. ಮೂರನೇ ಪಾತ್ರಕ್ಕೆ ಎಷ್ಟು ಜನ ಬಂದರೂ ಜಾಗ ಇದೆ.